ಬಿಸಿ ಎಂಜಿನ್ ಮತ್ತೆ ಹಿಡಿಯುತ್ತಿಲ್ಲ: ಕೆ-ಜೆಟ್ರಾನಿಕ್ ಇರುವ ಹಳೆಯ ಮರ್ಸಿಡಿಸ್

ಪ್ರಶ್ನೆ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನನ್ನದು 1982ರ ಮರ್ಸಿಡಿಸ್ 280ಇ, ಬಾಷ್ ಕೆ-ಜೆಟ್ರಾನಿಕ್ ಇಂಜೆಕ್ಷನ್ (ಪಂಪಿನ ಒತ್ತಡದಲ್ಲಿ ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ). ಬೆಳಿಗ್ಗೆ ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ; ಓಡುವಾಗ ಎಳೆತದಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಗದಗಿಗೆ ಹೋಗುವಾಗ ಅಣ್ಣಿಗೇರಿಯಲ್ಲಿ ಚಹಾಕ್ಕೆಂದು ಅರ್ಧ ಗಂಟೆ ನಿಲ್ಲಿಸಿದರೆ ಸಾಕು, ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಎಂಜಿನ್ ಹಿಡಿಯುವುದಿಲ್ಲ; ಕೊನೆಗೆ ಒಂದೆರಡು ಸಿಲಿಂಡರ್ ಮಾತ್ರ ಹತ್ತಿಕೊಂಡು, ಕೆಲ ಹೊತ್ತು ನಡುಗಿ, ನಂತರ ಸರಿಹೋಗುತ್ತದೆ. ನಿಲ್ಲಿಸಿದ ಕೂಡಲೇ ಮತ್ತೆ ಸ್ಟಾರ್ಟ್ ಮಾಡಿದರೆ ಈ ತೊಂದರೆಯಿಲ್ಲ. ಮಿಸ್ತ್ರಿಯವರು ಫ್ಯುಯೆಲ್ ಡಿಸ್ಟ್ರಿಬ್ಯೂಟರ್ (ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಹಂಚುವ ಭಾಗ) ಬದಲಿಸಬೇಕೆನ್ನುತ್ತಾರೆ. ಅಷ್ಟು ದುಬಾರಿ ಭಾಗಕ್ಕೆ ಕೈಹಾಕುವ ಮೊದಲು ಏನನ್ನು ಪರೀಕ್ಷಿಸಬೇಕು?

ಉತ್ತರ (ಧಾರವಾಡ)

ಸರ್, ದಯವಿಟ್ಟು ಡಿಸ್ಟ್ರಿಬ್ಯೂಟರ್ ಈಗಲೇ ಬಿಚ್ಚಿಸಬೇಡಿ. ಅದು ಕೆಟ್ಟಿದ್ದರೆ ಓಡುವಾಗಲೂ ಏನಾದರೊಂದು ಲಕ್ಷಣ ಕಾಣುವ ಸಾಧ್ಯತೆಯೇ ಹೆಚ್ಚು. ನೀವು ಹೇಳಿದ ಲಕ್ಷಣಗಳು ಪೆಟ್ರೋಲ್ ಲೈನಿನಲ್ಲಿ ಒತ್ತಡ ನಿಲ್ಲುತ್ತಿಲ್ಲ ಎಂಬುದನ್ನು ಸೂಚಿಸುತ್ತವೆ. ಓಡುವಾಗ 5 ಬಾರ್‌ಗಿಂತ (ಬಾರ್ ಎಂದರೆ ಒತ್ತಡದ ಅಳತೆ) ಮೇಲಿರುವ ಒತ್ತಡ ಎಂಜಿನ್ ನಿಂತ ಮೇಲೆ ಇಳಿಯುತ್ತದೆಯಾದರೂ, ಅರ್ಧ ಗಂಟೆಯ ನಂತರವೂ ಸುಮಾರು 2.5 ಬಾರ್ ಉಳಿದಿರಬೇಕು. ಅದು ಉಳಿಯದಿದ್ದರೆ ಬಾನೆಟ್ ಒಳಗಿನ ಕಾವಿಗೆ ಪೈಪುಗಳಲ್ಲಿರುವ ಪೆಟ್ರೋಲ್ ಆವಿಯಾಗಿ, ಇಂಜೆಕ್ಟರಿಗೆ ಗುಳ್ಳೆಗಳಷ್ಟೇ ತಲುಪುತ್ತವೆ.

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಎಂಜಿನ್ ಹಿಡಿಯದಿದ್ದಾಗ ಪಂಪಿನ ರಿಲೇ ತೆಗೆದು, ಬ್ಯಾಟರಿಯಿಂದ ಬರುವ ಪಿನ್ನಿಗೂ ಪಂಪಿಗೆ ಹೋಗುವ ಪಿನ್ನಿಗೂ ಫ್ಯೂಸ್ ಇರುವ ತಂತಿ ಜೋಡಿಸಿ, ಪಂಪನ್ನು ಹದಿನೈದು ಸೆಕೆಂಡು ಓಡಿಸಿ ಸೆಲ್ಫ್ ಹೊಡೆಯಿರಿ. ತಕ್ಷಣ ಹಿಡಿದರೆ ಒತ್ತಡ ನಿಲ್ಲುತ್ತಿಲ್ಲ ಎಂಬ ಸಂಶಯ ಬಹುಮಟ್ಟಿಗೆ ಖಚಿತವಾದಂತೆ.

ಒತ್ತಡ ಸೋರುವ ಜಾಗಗಳಲ್ಲಿ ಮುಖ್ಯವಾದವು ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್) ಮತ್ತು ಅಕ್ಯುಮುಲೇಟರ್ (ಎಂಜಿನ್ ನಿಂತ ಮೇಲೂ ಲೈನಿನ ಒತ್ತಡ ಕಾಯುವ ಡಬ್ಬಿ). ಪಂಪು, ಅಕ್ಯುಮುಲೇಟರ್ ಎರಡೂ ಕಾರಿನ ಅಡಿಯಲ್ಲಿ ಹಿಂಚಕ್ರದ ಹತ್ತಿರ ಒಟ್ಟಿಗೇ ಇವೆ. ಅಕ್ಯುಮುಲೇಟರಿನ ಹಿಂಬದಿಯ ಸಣ್ಣ ಹೋಸನ್ನು ಕ್ಲಾಂಪ್ ಮಾಡಿ ಕಳಚಿ, ಪಂಪು ಓಡಿಸಿ ನೋಡಿ: ಹೋಸ್ ಕೂರುವ ಆ ನಿಪ್ಪಲ್ ಒಣಗಿರಬೇಕು, ಅಲ್ಲಿ ಪೆಟ್ರೋಲ್ ಜಿನುಗಿದರೆ ಒಳಗಿನ ಡಯಾಫ್ರಮ್ (ತೆಳು ಪೊರೆ) ಹರಿದಿದೆ. ಈ ಕೆಲಸವನ್ನು ತಣ್ಣಗಿರುವ ಕಾರಿನಲ್ಲಿ, ಬಯಲಿನಲ್ಲಿ ಮಾಡಿ.

ಉತ್ತರ (ಹಾವೇರಿ)

ಇನ್ನೊಂದು ಕಾರಣವನ್ನೂ ಗಮನದಲ್ಲಿಡಿ. ಕೋಲ್ಡ್ ಸ್ಟಾರ್ಟ್ ವಾಲ್ವ್ (ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡುವಾಗ ಹೆಚ್ಚುವರಿ ಪೆಟ್ರೋಲ್ ಕೊಡುವ ವಾಲ್ವ್) ತೊಟ್ಟಿಕ್ಕುತ್ತಿದ್ದರೆ ಬಿಸಿ ಎಂಜಿನ್ನಿನಲ್ಲಿ ಪೆಟ್ರೋಲ್ ವಿಪರೀತವಾಗಿ, ಇದೇ ರೀತಿ ಸತಾಯಿಸುತ್ತದೆ. ಆದರೆ ಆಗ ಪೆಟ್ರೋಲಿನ ವಾಸನೆ ಬರುತ್ತದೆ, ಸ್ಟಾರ್ಟ್ ಆದಾಗ ಕಪ್ಪು ಹೊಗೆ ಹೊರಡುತ್ತದೆ, ಆಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದರೆ ಬೇಗ ಹತ್ತಿಕೊಳ್ಳುತ್ತದೆ. ವಾಲ್ವನ್ನು ಬಿಚ್ಚಿ ಮೂತಿ ಒರೆಸಿ ನೋಡಿದರೆ ತಿಳಿಯುತ್ತದೆ. ಜೊತೆಗೆ, ಈಗ ಸಿಗುವ ಎಥನಾಲ್ ಬೆರೆತ ಪೆಟ್ರೋಲಿಗೆ ಆ ಕಾಲದ ರಬ್ಬರ್ ಹೋಸುಗಳು ತಾಳುವುದಿಲ್ಲ; ಕಾರಿನ ಅಡಿಯಲ್ಲಿ ಕೆಲಸ ಮಾಡುವಾಗಲೇ ಅವನ್ನೂ ಬದಲಿಸುವುದು ಕ್ಷೇಮ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಪಂಪು ಓಡಿಸಿದ ಮೇಲೆ ಬಿಸಿ ಎಂಜಿನ್ ಕೂಡಲೇ ಹಿಡಿಯಿತು. ಹೊಗೆಯೂ ಇಲ್ಲ, ವಾಸನೆಯೂ ಇಲ್ಲ. ಅಕ್ಯುಮುಲೇಟರಿನ ನಿಪ್ಪಲಿನಿಂದ ಪೆಟ್ರೋಲ್ ಸಣ್ಣ ಧಾರೆಯಾಗಿಯೇ ಬಂತು. ಮಿಸ್ತ್ರಿಯವರೂ ಕಣ್ಣಾರೆ ನೋಡಿ ಒಪ್ಪಿದ್ದಾರೆ.

ಉತ್ತರ (ಧಾರವಾಡ)

ಹಾಗಾದರೆ ಅಕ್ಯುಮುಲೇಟರಿನ ಜೊತೆಗೇ ಚೆಕ್ ವಾಲ್ವನ್ನೂ ತರಿಸಿ, ಏಕೆಂದರೆ ಅದಕ್ಕೂ ಅಷ್ಟೇ ವಯಸ್ಸಾಗಿದೆ. ಎರಡನ್ನೂ ಕೂಡಿಸಿದ ಮೇಲೆ ಒತ್ತಡ ಅಳೆಯುವ ಗೇಜ್ ಕಟ್ಟಿಸಿ, ಅರ್ಧ ಗಂಟೆಯ ನಂತರದ ಒತ್ತಡ ಎಷ್ಟಿದೆಯೆಂದು ಇಲ್ಲಿ ತಿಳಿಸಿ.