ಪಿಕಪ್ ಬಿಟ್ಟು ಹತ್ತು ಚಕ್ರದ ಲಾರಿ ಹತ್ತಬಹುದಾ? ಹಾಸನ–ಪುಣೆ ಲೈನ್ ಗೊತ್ತಿರುವವರು ಹೇಳಿ

ಅರಕಲಗೂಡಿನವ:

ಎಲ್ಲರಿಗೂ ನಮಸ್ಕಾರ. ನಮ್ಮದು ಅರಕಲಗೂಡು ತಾಲ್ಲೂಕು. ಕೆಲವು ವರ್ಷದಿಂದ ಬೇರೆಯವರ ಪಿಕಪ್ ಓಡಿಸುತ್ತಿದ್ದೇನೆ. ಶುಂಠಿ, ಆಲೂಗಡ್ಡೆ, ತರಕಾರಿ ಹೇರಿಕೊಂಡು ಹಾಸನ, ಮೈಸೂರು, ಯಶವಂತಪುರ ಮಾರ್ಕೆಟ್. ರಾತ್ರಿ ಹೊರಟರೂ ಮಾರನೇ ದಿನ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿರುತ್ತೇನೆ.

ಈಗ ಹಾಸನದ ಓನರ್ ಒಬ್ಬರು ಲಾರಿಗೆ ಬಾ ಅಂತ ಕರೆಯುತ್ತಿದ್ದಾರೆ. ಹತ್ತು ಚಕ್ರದ ಗಾಡಿ. ಜಾಸ್ತಿ ಪುಣೆ, ಮುಂಬೈ ಕಡೆ, ಸೀಸನ್‌ನಲ್ಲಿ ಮಂಗಳೂರು ಬಂದರಿಗೆ ಕಾಫಿ. ಮೊದಲು ಸ್ವಲ್ಪ ದಿನ ಹಳೇ ಡ್ರೈವರ್ ಜೊತೆ ಸೆಕೆಂಡ್ ಡ್ರೈವರ್ ಆಗಿ ಹೋಗು, ಕೈ ಕುದುರಿದ ಮೇಲೆ ಗಾಡಿ ನಿನಗೇ ಬಿಡುತ್ತೇನೆ ಅಂದಿದ್ದಾರೆ. ಸಂಬಳ ಇಷ್ಟು, ಟ್ರಿಪ್‌ಗೆ ಬಾಟಾ (ದಾರಿ ಖರ್ಚಿನ ದುಡ್ಡು) ಇಷ್ಟು ಅಂತ ಬಾಯಲ್ಲಿ ಹೇಳಿದ್ದಾರೆ. ಲೆಕ್ಕ ಹಾಕಿದರೆ ಈಗ ಸಿಗುವುದಕ್ಕಿಂತ ಜಾಸ್ತಿಯೇ.

ಮಗು ಇನ್ನೂ ಅಂಬೆಗಾಲು ಇಡುತ್ತಿದೆ. ಅಮ್ಮ ಬೇಡವೇ ಬೇಡ ಅಂತಾರೆ, ಹೆಂಡತಿ ನೀವೇ ನೋಡಿ ಅಂತಾಳೆ. ಸೊಸೈಟಿ ಸಾಲ ಇದೆ, ಅದಕ್ಕೇ ಮನಸ್ಸು ಎಳೆಯುತ್ತಿದೆ. ಗಾಡಿ ಓಡಿಸುವುದಕ್ಕೆ ಹೆದರಿಕೆ ಇಲ್ಲ. ಆದರೆ ಘಾಟ್‌ನಲ್ಲಿ ದೊಡ್ಡ ಗಾಡಿ ಹೇಗೆ, ನಿದ್ದೆ ಹೇಗೆ, ಲೈಸೆನ್ಸ್‌ಗೆ ಏನು ಮಾಡಬೇಕು, ಓನರ್ ಹತ್ತಿರ ಮೊದಲೇ ಏನೇನು ಮಾತಾಡಿಕೊಳ್ಳಬೇಕು, ಇದನ್ನೆಲ್ಲ ಲೈನ್‌ನಲ್ಲಿ ಓಡಾಡಿದವರು ಹೇಳಿದರೆ ಉಪಕಾರ ಆಗುತ್ತದೆ.

ಸಕಲೇಶಪುರ ಲೈನ್:

ತಮ್ಮಾ, ನಾನು ಈ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಕಾಫಿ, ಶುಂಠಿ, ಸಿಮೆಂಟ್, ಗ್ರಾನೈಟ್ ಎಲ್ಲಾ ಹೇರಿದ್ದೇನೆ. ಏಪ್ರಿಲ್, ಮೇನಲ್ಲಿ ಜಲಂಧರ್‌ನಿಂದ ನಮ್ಮ ಹಾಸನದ ಎಪಿಎಂಸಿಗೆ ಬಿತ್ತನೆ ಆಲೂಗಡ್ಡೆ ಬರುತ್ತದಲ್ಲ, ಆ ಲೈನ್‌ನಲ್ಲೂ ಓಡಿದ್ದೇನೆ. ಒಂದು ಕಡೆಗೇ ಎರಡೂವರೆ ಸಾವಿರ ಕಿಲೋಮೀಟರ್ ಹತ್ತಿರ.

ನೀನು ಕೇಳಿದ್ದರಲ್ಲಿ ಒಂದು ಬಿಟ್ಟುಹೋಗಿದೆ, ಅದನ್ನೇ ಮೊದಲು ಹೇಳುತ್ತೇನೆ. ಲಾರಿಯಲ್ಲಿ ಓಡಿಸುವುದಕ್ಕಿಂತ ಕಾಯುವುದೇ ಜಾಸ್ತಿ. ಪುಣೆಗೆ ಹೋಗಿ ಮುಟ್ಟುತ್ತೀಯ, ಗೋಡೌನ್‌ನವರು ಇವತ್ತು ಹಮಾಲರಿಲ್ಲ ನಾಳೆ ಬಾ ಅಂತಾರೆ. ನಾಳೆ ಭಾನುವಾರ. ಖಾಲಿ ಆದ ಮೇಲೆ ರಿಟರ್ನ್ ಲೋಡ್‌ಗೆ ಟ್ರಾನ್ಸ್‌ಪೋರ್ಟ್ ಆಫೀಸ್ ಮುಂದೆ ಇನ್ನೊಂದು ದಿನವೋ ಎರಡು ದಿನವೋ. ಗಾಡಿ ಬಿಟ್ಟು ಎಲ್ಲಿಗೂ ಹೋಗುವ ಹಾಗಿಲ್ಲ, ಡೀಸೆಲ್ ಕದಿಯುತ್ತಾರೆ, ಬ್ಯಾಟರಿ ಬಿಚ್ಚುತ್ತಾರೆ. ಆ ದಿನಗಳ ಊಟ, ಸ್ನಾನ, ಪಾರ್ಕಿಂಗ್ ಎಲ್ಲ ನಿನ್ನ ಬಾಟಾದಲ್ಲೇ ಕರಗುತ್ತದೆ. ಟ್ರಿಪ್‌ಗೆ ಇಷ್ಟು ಅಂತ ಕೇಳಿದಾಗ ಜಾಸ್ತಿ ಅನ್ನಿಸುವ ದುಡ್ಡು, ಟ್ರಿಪ್ ನಾಲ್ಕು ದಿನದ್ದು ಎಂಟು ದಿನ ಆದರೆ ಅರ್ಧ ಆಯಿತು ಅಲ್ವಾ? ಅದಕ್ಕೇ ಟ್ರಿಪ್ ಲೆಕ್ಕ ಬೇಡ, ದಿನದ ಲೆಕ್ಕ ಮಾತಾಡು. ಇಲ್ಲವೇ ಟ್ರಿಪ್ ಬಾಟಾ ಇರಲಿ, ಇಷ್ಟು ದಿನದ ಮೇಲೆ ನಿಂತರೆ ಹಾಲ್ಟಿಂಗ್ ಇಷ್ಟು ಅಂತ ಆಗಲಿ. ಲೋಡ್ ಕೊಟ್ಟ ಪಾರ್ಟಿಯಿಂದ ಓನರ್‌ಗೆ ಹಾಲ್ಟಿಂಗ್ ಬರುತ್ತದೆ, ಡ್ರೈವರ್ ಕೈಗೆ ಬರುವುದು ಕಮ್ಮಿ.

ಘಾಟ್ ವಿಷಯ. ಮಾರನಹಳ್ಳಿಯಿಂದ ಗುಂಡ್ಯದವರೆಗೆ ಶಿರಾಡಿ ಇಳಿಯುವಾಗ ಯಾವ ಗೇರ್‌ನಲ್ಲಿ ಆ ಏರು ಹತ್ತುತ್ತೀಯೋ ಅದೇ ಗೇರ್‌ನಲ್ಲಿ ಇಳಿ. ಇಳಿಜಾರು ಶುರು ಆಗುವ ಮುಂಚೆಯೇ ಗೇರ್ ಇಳಿಸಿಕೊಂಡಿರಬೇಕು, ಗಾಡಿ ಓಟ ಹಿಡಿದ ಮೇಲೆ ಗೇರ್ ಬೀಳುವುದಿಲ್ಲ. ಎಕ್ಸಾಸ್ಟ್ ಬ್ರೇಕ್ (ಇಂಜಿನ್ ಹೊಗೆ ತಡೆದು ಗಾಡಿ ನಿಧಾನ ಮಾಡುವುದು) ಹಾಕಿಕೊಂಡು, ಕಾಲಿನ ಬ್ರೇಕ್ ಒತ್ತಿ ಬಿಡು, ಒತ್ತಿ ಬಿಡು. ಒತ್ತಿ ಹಿಡಿದುಕೊಂಡೇ ಇಳಿದರೆ ಡ್ರಮ್ ಕಾದು ಲೈನರ್ ಸುಟ್ಟ ವಾಸನೆ ಬರುತ್ತದೆ. ಆ ವಾಸನೆ ಬಂತು ಅಂದರೆ ಸೈಡಿಗೆ ಹಾಕಿ ಆರಿಸಲೇಬೇಕು. ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ.

ಪುಣೆ ಕಡೆ ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ನವಲೆ ಬ್ರಿಡ್ಜ್‌ವರೆಗೆ ಉದ್ದ ಇಳಿಜಾರಿದೆ. ರಸ್ತೆ ಅಗಲ, ನೋಡುವುದಕ್ಕೆ ಘಾಟ್ ಅನ್ನಿಸುವುದೇ ಇಲ್ಲ. ಡೀಸೆಲ್ ಉಳಿಸುತ್ತೇನೆ ಅಂತ ಅಲ್ಲಿ ನ್ಯೂಟ್ರಲ್ ಮಾಡಿ ಬಿಟ್ಟು, ಕೆಳಗೆ ಬ್ರೇಕ್ ಹಿಡಿಯದೆ ಎಷ್ಟು ಲಾರಿಗಳು ಕಾರುಗಳ ಮೇಲೆ ಹೋಗಿವೆ. ನಿನ್ನ ಜೊತೆ ಬರುವ ಹಳೇ ಡ್ರೈವರ್ ಅಲ್ಲಿ ಏನು ಮಾಡುತ್ತಾನೆ ಅಂತ ನೋಡು. ನ್ಯೂಟ್ರಲ್ ಮಾಡಿದರೆ ಅವನ ಹತ್ತಿರ ಕಲಿಯಬೇಡ, ಬೇರೆಯವರನ್ನು ಕೇಳು.

ಇನ್ನೊಂದು, ಕಾಫಿ ಹೇರುವುದು. ಕ್ಯೂರಿಂಗ್‌ನವರು, ಅಂದರೆ ಕಾಫಿ ಬೀಜ ಹದ ಮಾಡುವ ಕಾರ್ಖಾನೆಯವರು, ಗಾಡಿಯೊಳಗೆ ಹತ್ತಿ ಮೂಸಿ ನೋಡುತ್ತಾರೆ. ಹಿಂದಿನ ಟ್ರಿಪ್‌ನಲ್ಲಿ ಈರುಳ್ಳಿ ತಂದಿದ್ದರೆ ತೊಳೆದು ಒಣಗಿಸದೆ ಲೋಡ್ ಕೊಡುವುದಿಲ್ಲ, ಕಾಫಿ ಯಾವ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆ. ಟಾರ್ಪಾಲ್ ಎರಡು ಹಾಕುವಾಗ ಹಿಂದಿನದನ್ನು ಮೊದಲು ಹಾಸಿ, ಮುಂದಿನದರ ಅಂಚು ಅದರ ಮೇಲೆ ಬರುವ ಹಾಗೆ ಕಟ್ಟು. ಗಾಡಿ ಓಡುವಾಗ ಗಾಳಿ ಮುಂದಿನಿಂದ ಹೊಡೆಯುತ್ತದೆ. ಉಲ್ಟಾ ಹಾಕಿದರೆ ಗಾಳಿ ಅಂಚಿನೊಳಗೆ ನುಗ್ಗಿ ಎತ್ತುತ್ತದೆ, ಶಿರಾಡಿ ಮಂಜಿನಲ್ಲಿ ಮೂಟೆ ನೆನೆಯುತ್ತದೆ. ನೆನೆದ ಮೂಟೆಯ ದುಡ್ಡು ಕೊನೆಗೆ ಡ್ರೈವರ್ ತಲೆಗೇ ಬರುತ್ತದೆ.

ನಿದ್ದೆ. ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ಗಾಡಿ ನಿಲ್ಲಿಸಿ ಮಲಗು, ಇದರಲ್ಲಿ ರಾಜಿ ಬೇಡ. ಟೀ, ಗುಟ್ಕಾ, ಜೋರು ಹಾಡು ಯಾವುದೂ ನಿದ್ದೆಯನ್ನು ತಡೆಯುವುದಿಲ್ಲ, ಕಣ್ಣು ತೆರೆದೇ ಇರುತ್ತದೆ, ಮಿದುಳು ಮಲಗಿರುತ್ತದೆ. 1961ರಲ್ಲೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂತು, ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಗೊಮ್ಮೆ ಅರ್ಧ ಗಂಟೆ ವಿರಾಮ ಅಂತ. ಲೈನ್‌ನಲ್ಲಿ ಅದನ್ನು ನಡೆಸಿದವರನ್ನು ನಾನು ನೋಡಿಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಮಾಡಿದ್ದಾರೆ, ಅದು ನಿಜವಾಗಿ ಒಳ್ಳೆಯ ಕೆಲಸ. ಹಳೇ ಗಾಡಿಯಲ್ಲಿ ಬೇಸಿಗೆ ಮಧ್ಯಾಹ್ನ ಹಿರಿಯೂರು, ದಾವಣಗೆರೆ ಕಡೆ ಮಲಗುತ್ತೇನೆ ಅಂದರೂ ನಿದ್ದೆ ಬರುವುದಿಲ್ಲ.

ಕಡೂರು ಡ್ರೈವಿಂಗ್ ಸ್ಕೂಲ್:

ಲೈಸೆನ್ಸ್ ಬಗ್ಗೆ ಮಾತ್ರ ಹೇಳುತ್ತೇನೆ. ಈಗ ನಿಮ್ಮ ಹತ್ತಿರ ಇರುವುದು ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸ್ ಅಂದುಕೊಳ್ಳುತ್ತೇನೆ. 7,500 ಕಿಲೋ ಒಳಗಿನ ಗೂಡ್ಸ್ ಗಾಡಿಗೆ ಅದೇ ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ, ಹಾಗಾಗಿ ಪಿಕಪ್‌ಗೆ ತೊಂದರೆ ಇಲ್ಲ. ಹತ್ತು ಚಕ್ರಕ್ಕೆ ಹೆವಿ (ಭಾರಿ ವಾಹನದ) ಲೈಸೆನ್ಸ್ ಬೇಕೇ ಬೇಕು. 20 ವರ್ಷ ತುಂಬಿರಬೇಕು, ಎಲ್‌ಎಂವಿ ಆಗಿ ಒಂದು ವರ್ಷ ಆಗಿರಬೇಕು. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ತೆಗೆದು 30 ದಿನ ಆದ ಮೇಲೆ, 6 ತಿಂಗಳೊಳಗೆ ಟೆಸ್ಟ್. ಡ್ರೈವಿಂಗ್ ಸ್ಕೂಲ್ ಸರ್ಟಿಫಿಕೇಟ್, ಡಾಕ್ಟರ್ ಸರ್ಟಿಫಿಕೇಟ್ ಎರಡೂ ಬೇಕು. ಎಂಟನೇ ಕ್ಲಾಸ್ ಪಾಸ್ ಆಗಿರಬೇಕು ಅನ್ನುವ ನಿಯಮ 2019ರಲ್ಲೇ ಹೋಯಿತು. ಲೈಸೆನ್ಸ್ 5 ವರ್ಷಕ್ಕೆ ಬರುತ್ತದೆ. ಮಂಗಳೂರಿನಿಂದ ಗ್ಯಾಸ್ ಟ್ಯಾಂಕರ್ ಓಡಿಸುವ ಯೋಚನೆ ಮುಂದೆ ಬಂದರೆ ಅದಕ್ಕೆ ಬೇರೆ ತರಬೇತಿ ಇದೆ.

ಮುಖ್ಯ ಮಾತು ಇದು. ಹೆವಿ ಕೈಗೆ ಬರುವ ತನಕ ಸೆಕೆಂಡ್ ಡ್ರೈವರ್ ಅಂತ ಹೈವೇಯಲ್ಲಿ ಸ್ಟೀರಿಂಗ್ ಹಿಡಿಯಬೇಡಿ. ಏನಾದರೂ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೇ ಲೈಸೆನ್ಸ್. ಕ್ಲೀನರ್ ಸೀಟಿನಲ್ಲಿ ಕೂತು ದಾರಿ ನೋಡಿಕೊಳ್ಳಿ, ಹಗ್ಗ ಕಟ್ಟುವುದು ಕಲಿಯಿರಿ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ.

ಚಿಕ್ಕಮಗಳೂರು ಗಾಡಿ ಓನರ್:

ಸಕಲೇಶಪುರದ ಅಣ್ಣ ಹೇಳಿದ್ದು ಬಹಳ ಮಟ್ಟಿಗೆ ಸರಿ. ಆದರೆ ಹಾಲ್ಟಿಂಗ್ ಎಲ್ಲಾ ಓನರ್ ಜೇಬಿಗೆ ಹೋಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನನ್ನಂಥ ಎರಡು ಗಾಡಿ ಇಟ್ಟುಕೊಂಡವರಿಗೆ ಪಾರ್ಟಿ ಬಾಡಿಗೆಯನ್ನೇ ತಿಂಗಳುಗಟ್ಟಲೆ ಎಳೆಯುತ್ತಾರೆ, ಹಾಲ್ಟಿಂಗ್ ಕೇಳಿದರೆ ಮುಂದಿನ ಲೋಡ್ ಇಲ್ಲ. ಇಎಂಐ ಮಾತ್ರ ನಿಲ್ಲುವುದಿಲ್ಲ. ಡ್ರೈವರ್‌ಗೂ ನಮಗೂ ಕಷ್ಟ ಒಂದೇ ಕಡೆಯಿಂದ ಬರುತ್ತಿದೆ.

ಆದರೂ ನೀವು ಕೇಳಬೇಕಾದ್ದು ಕೇಳಲೇಬೇಕು. ಒಳ್ಳೆಯ ಓನರ್ ಕೋಪ ಮಾಡಿಕೊಳ್ಳುವುದಿಲ್ಲ. ಮೊದಲು ಇನ್ಶೂರೆನ್ಸ್ ಪಾಲಿಸಿ ತೋರಿಸಿ ಅನ್ನಿ. ಅದರಲ್ಲಿ ಡ್ರೈವರ್‌ಗೆ, ಕ್ಲೀನರ್‌ಗೆ ಪ್ರೀಮಿಯಂ ಕಟ್ಟಿದ್ದಾರಾ ನೋಡಿ. ಡ್ರೈವರ್‌ಗೆ ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡುವ ಹೊಣೆ ಓನರ್‌ದು, ಅದು ಪಾಲಿಸಿಯಿಂದ ಬರುತ್ತದೆ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಪರ್ಮಿಟ್, ಟೈರ್ ನೋಡಿ. ಟೈರ್ ಸವೆದ ಗಾಡಿಯನ್ನು ಮಳೆಗಾಲದಲ್ಲಿ ಘಾಟ್‌ಗೆ ಕಳಿಸುವವರ ಹತ್ತಿರ ಕೆಲಸಕ್ಕೆ ಹೋಗಬೇಡಿ.

ಓವರ್‌ಲೋಡ್. ಹತ್ತು ಚಕ್ರದ ಗಾಡಿಗೆ ಗಾಡಿ ತೂಕವೂ ಸೇರಿ 28.5 ಟನ್ ಮಿತಿ. ದಾಟಿದರೆ 20,000 ರೂಪಾಯಿ ದಂಡ, ಮೇಲಿನ ಒಂದೊಂದು ಟನ್‌ಗೂ 2,000. ಆ ದಂಡ ಯಾರು ಕಟ್ಟುತ್ತಾರೆ ಅಂತ ಮೊದಲೇ ಮಾತಾಗಲಿ. ಲೋಡ್ ಆದ ತಕ್ಷಣ ತೂಕ ಹಾಕುವ ವೇ ಬ್ರಿಡ್ಜ್ ಚೀಟಿಯ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ. ಆಮೇಲೆ ನನಗೆ ಗೊತ್ತೇ ಇರಲಿಲ್ಲ ಅನ್ನುವ ಮಾತೇ ಬರುವುದಿಲ್ಲ.

ಬೇಲೂರಿನ ಗೃಹಿಣಿ:

ನನ್ನ ಯಜಮಾನರು ಲಾರಿ ಡ್ರೈವರ್. ನಿಮ್ಮ ಹೆಂಡತಿ ನೀವೇ ನೋಡಿ ಅಂದಿದ್ದಾರಲ್ಲ ತಮ್ಮ, ಅದನ್ನು ಒಪ್ಪಿಗೆ ಅಂತ ತಿಳಿಯಬೇಡಿ. ಕೂತು ಒಂದು ಸಲ ಪೂರ್ತಿ ಮಾತಾಡಿ. ಮಗುವಿಗೆ ರಾತ್ರಿ ಜ್ವರ ಬಂದರೆ ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗುವುದು, ಸೊಸೈಟಿ ಕಂತು ಯಾರು ಕಟ್ಟುವುದು, ಎಟಿಎಂ ಕಾರ್ಡ್ ಯಾರ ಹತ್ತಿರ ಇರುವುದು, ಇದೆಲ್ಲ ಹೊರಡುವ ಮುಂಚೆ ತೀರ್ಮಾನ ಆಗಲಿ. ನಮ್ಮ ಮನೆಯಲ್ಲಿ ಸಂಬಳ ನೇರ ನನ್ನ ಖಾತೆಗೆ ಬರುತ್ತದೆ, ಬಾಟಾ ಅವರ ಕೈಯಲ್ಲಿ. ಹಾಗೆ ಮಾಡಿದ ಮೇಲೆ ಜಗಳ ನಿಂತಿತು.

2024ರ ಜುಲೈನಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಜಾರಿ ಶಿರಾಡಿ ಬಂದ್ ಆದಾಗ ಅವರು ಆ ಕಡೆ ಸಿಕ್ಕಿಹಾಕಿಕೊಂಡಿದ್ದರು. ಇನ್ನೊಂದು ದಾರಿ ಚಾರ್ಮಾಡಿ ಘಾಟ್, ಅಲ್ಲಿ ದೊಡ್ಡ ಲಾರಿ ಬಿಡುವುದಿಲ್ಲ. ಫೋನ್ ಸಿಗುವುದಿಲ್ಲ, ಟಿವಿಯಲ್ಲಿ ಮಣ್ಣಿನಡಿ ಸಿಕ್ಕ ಗಾಡಿಗಳನ್ನೇ ತೋರಿಸುತ್ತಿದ್ದರು. ಅತ್ತೆ ಊಟ ಬಿಟ್ಟು ಕೂತಿದ್ದರು. ಈಗ ನಮ್ಮಲ್ಲಿ ಒಂದು ಪದ್ಧತಿ ಇದೆ, ಘಾಟ್ ಶುರು ಆಗುವ ಮುಂಚೆ ಒಂದು ಮೆಸೇಜ್, ಇಳಿದ ಮೇಲೆ ಒಂದು. ಏನೂ ಬರೆಯಬೇಕಿಲ್ಲ, ಮೇಲೆ, ಕೆಳಗೆ ಅಷ್ಟೇ.

ಇನ್ನೊಂದು, ಬ್ಯಾಂಕ್‌ನಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆ. ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ ಬರುತ್ತದೆ. ಇಂಥದ್ದನ್ನು ಬರೆಯುವುದಕ್ಕೆ ಸಂಕಟ ಆಗುತ್ತದೆ, ಆದರೂ ಲೈನ್‌ಗೆ ಹೋಗುವವರು ಮಾಡಿಸದೆ ಇರಬಾರದು.

ಅರಕಲಗೂಡಿನವ:

ಎಲ್ಲರಿಗೂ ತುಂಬಾ ಧನ್ಯವಾದ. ಅಕ್ಕಾ, ನೀವು ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ರಾತ್ರಿ ಬಹಳ ಹೊತ್ತು ಮಾತಾಡಿದೆವು. ಲೈಸೆನ್ಸ್ ಮೊದಲು ಆಗಲಿ, ಅಲ್ಲಿಯ ತನಕ ಪಿಕಪ್ ಬಿಡಬೇಡಿ ಅಂದಳು. ನನಗೂ ಅದೇ ಸರಿ ಅನ್ನಿಸಿತು.

ಸಕಲೇಶಪುರದ ಅಣ್ಣಾ, ಎರಡು ವಿಷಯ ಕೇಳುತ್ತೇನೆ. ಘಾಟ್ ಬಂದ್ ಆಗಿ ನಿಂತರೆ ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಪತ್ರ) ಅವಧಿ ಮುಗಿದುಹೋಗುತ್ತದಲ್ಲ, ಆಗ ಏನು ಮಾಡುವುದು? ಮತ್ತೆ ದೂರದ ಊರಲ್ಲಿ ಗಾಡಿ ಯಾರಿಗಾದರೂ ತಗುಲಿದರೆ? ಜನ ಹೊಡೆಯುತ್ತಾರೆ ಅಂತ ಎಲ್ಲರೂ ಹೆದರಿಸುತ್ತಾರೆ.

ಸಕಲೇಶಪುರ ಲೈನ್:

ಇ-ವೇ ಬಿಲ್ 200 ಕಿಲೋಮೀಟರ್‌ಗೆ ಒಂದು ದಿನ ಅಂತ ಲೆಕ್ಕ. ಅವಧಿ ಮುಗಿಯುವ 8 ಗಂಟೆ ಮುಂಚೆಯಿಂದ ಮುಗಿದ 8 ಗಂಟೆ ಒಳಗೆ ಮುಂದಕ್ಕೆ ಹಾಕಿಸಬಹುದು. ಅದನ್ನು ಮಾಡಬೇಕಾದವರು ಟ್ರಾನ್ಸ್‌ಪೋರ್ಟ್ ಆಫೀಸ್‌ನವರು. ನಿನ್ನ ಕೆಲಸ ಅಂದರೆ ಬಿಲ್ ಕೈಗೆ ಬಂದ ತಕ್ಷಣ ಮುಗಿಯುವ ಟೈಮ್ ನೋಡಿ ಫೋನ್‌ನಲ್ಲಿ ಅಲಾರಂ ಇಟ್ಟುಕೊಳ್ಳುವುದು, ನಿಂತ ಕೂಡಲೇ ಅವರಿಗೆ ಫೋನ್ ಮಾಡುವುದು. ಸಿಗ್ನಲ್ ಇರುವ ಜಾಗದಲ್ಲೇ ಮಾಡು, ಗುಂಡ್ಯದ ಕಾಡಿನಲ್ಲಿ ನಿಂತು ಪರದಾಡಬೇಡ.

ಎರಡನೆಯದು ಸುಲಭದ ಪ್ರಶ್ನೆ ಅಲ್ಲ. ಅಪಘಾತ ಮಾಡಿ ಓಡಿಹೋದರೆ 10 ವರ್ಷದವರೆಗೆ ಜೈಲು ಅನ್ನುವ ಹೊಸ ಕಾನೂನಿನ ವಿರುದ್ಧ 2024ರ ಜನವರಿಯಲ್ಲಿ ದೇಶದಲ್ಲೆಲ್ಲ ಡ್ರೈವರ್‌ಗಳು ಗಾಡಿ ನಿಲ್ಲಿಸಿದರು. 2024ರ ಜುಲೈ 1ರಿಂದ ಆ ಕಾನೂನು ಇರುವ ಭಾರತೀಯ ನ್ಯಾಯ ಸಂಹಿತೆ ಬಂದಾಗ ಆ ಒಂದು ಭಾಗವನ್ನು ಜಾರಿ ಮಾಡಲಿಲ್ಲ. ಹಾಗಂತ ಬಿಟ್ಟು ಹೋಗಬಹುದು ಅಂತ ಅಲ್ಲ. ಪೆಟ್ಟಾದವರನ್ನು ಆಸ್ಪತ್ರೆಗೆ ಸೇರಿಸುವುದು, ಪೊಲೀಸರಿಗೆ ತಿಳಿಸುವುದು ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲಿನಿಂದಲೂ ಡ್ರೈವರ್ ಹೊಣೆ. ಜನ ಸೇರಿ ಜೀವಕ್ಕೇ ಅಪಾಯ ಅನ್ನುವಂತಿದ್ದರೆ ಮಾತ್ರ ಅಲ್ಲಿ ನಿಲ್ಲದೆ ಇರುವುದಕ್ಕೆ ಅವಕಾಶ ಇದೆ. ಅಂಥ ಹೊತ್ತಿನಲ್ಲಿ 112ಕ್ಕೆ ಫೋನ್ ಮಾಡುತ್ತಲೇ ಹತ್ತಿರದ ಠಾಣೆಗೆ ನೇರ ಹೋಗು. ಹೈವೇಯಲ್ಲಾದರೆ 1033 ಕೂಡ ಇದೆ, ಆಂಬುಲೆನ್ಸ್, ಕ್ರೇನ್ ಕಳಿಸುತ್ತಾರೆ. ಮರಾಠಿ ಬರುವುದಿಲ್ಲ ಅಂತ ಹಿಂಜರಿಯಬೇಡ, ಹಿಂದಿಯಲ್ಲಿ ಕಿಲೋಮೀಟರ್ ಕಲ್ಲಿನ ನಂಬರ್ ಹೇಳುವಷ್ಟು ಬಂದರೆ ಸಾಕು.

ನಿನ್ನ ಹೆಂಡತಿ ಹೇಳಿದ್ದೇ ಸರಿ. ಹೆವಿ ಲೈಸೆನ್ಸ್ ಆದ ಮೇಲೆ ಮೊದಲು ಮಂಗಳೂರು ಲೋಡ್ ಕೇಳು, ಪುಣೆ ಆಮೇಲೆ. ಮಳೆಗಾಲ ಕಳೆದು ಕಾಫಿ ಸೀಸನ್‌ನಲ್ಲಿ ಶುರು ಮಾಡಿದರೆ ಘಾಟ್ ರಸ್ತೆ ಒಣಗಿರುತ್ತದೆ, ಗಾಡಿಯ ಭಾರ ಕಾಲಿಗೆ ಗೊತ್ತಾಗುತ್ತದೆ.