ಕಾಪು, ಮಲ್ಪೆ ಕಡಲಲ್ಲಿ ಸ್ಪಿಯರ್‌ಫಿಶಿಂಗ್: ಎರಡು ಗನ್ ಬೇಕಾ, ಒಂದು ಸಾಕಾ?

ಕೇಳಿದ್ದು: ಡಿಸೆಂಬರ್‌ನಲ್ಲಿ ಗೆಳೆಯ ಬೆಂಗಳೂರಿನಿಂದ ಉಡುಪಿಗೆ ಬರುತ್ತಾನೆ. ಇಬ್ಬರಿಗೂ ಚೆನ್ನಾಗಿ ಈಜು ಬರುತ್ತದೆ. ಒಂದು ದಿನ ದೋಣಿಯಲ್ಲಿ ಹೋಗಿ ಉಸಿರು ಹಿಡಿದು ಮುಳುಗಿ ಮೀನು ಹೊಡೆಯುವ ಆಸೆ. ಮಾಡಿದವರು ಅನುಭವ ಹೇಳಿ. ಒಬ್ಬೊಬ್ಬರಿಗೆ ಒಂದು ಗನ್ (ರಬ್ಬರ್ ಎಳೆತದಿಂದ ಈಟಿ ಹಾರಿಸುವ ಸಾಧನ) ಬೇಕಾ?

ಒಬ್ಬರ ಉತ್ತರ: ಒಂದೇ ಗನ್ ಇರಲಿ. ಯಾಕೆ ಅಂತ ನಮ್ಮ ಒಂದು ದಿನದ ಕಥೆ ಹೇಳುತ್ತೇನೆ.

ಜನವರಿ ತಿಂಗಳು. ನಾನು, ನನ್ನ ಗೆಳೆಯ, ನಾಡದೋಣಿಯ ಯಜಮಾನರು, ಮೂರು ಜನ ಬೆಳಿಗ್ಗೆ ಆರೂವರೆಗೆ ಕಾಪುವಿನಿಂದ ಹೊರಟೆವು. ದೀಪಸ್ತಂಭ ಬೆರಳಿನಷ್ಟು ಸಣ್ಣದಾಗುವ ಹೊತ್ತಿಗೆ ಯಜಮಾನರು ಇಂಜಿನ್ ನಿಲ್ಲಿಸಿ "ಇಲ್ಲಿ ಪಾದೆ ಉಂಟು" ಅಂದರು. ಪಾದೆ ಅಂದರೆ ನೀರಿನಡಿಯ ಬಂಡೆ. ಏಳೆಂಟು ಮೀಟರ್ ಆಳ. ಬೆಳಗಿನ ಗಾಳಿ ದಡದ ಕಡೆಯಿಂದ ಇದ್ದದ್ದರಿಂದ ಕಡಲು ತಟ್ಟೆಯ ಹಾಗೆ ಇತ್ತು. ಆದರೆ ನೀರು ಹಸಿರು. ನಾಲ್ಕೈದು ಮೀಟರ್ ಮಾತ್ರ ಕಾಣುತ್ತಿತ್ತು. ಅಲ್ಲೇ ವಾಪಸ್ ಬರಬೇಕಿತ್ತು, ಇಲ್ಲವಾದರೆ ಕಮ್ಮಿ ಆಳದ ಜಾಗ ಹುಡುಕಬೇಕಿತ್ತು. ನಾವು ಇಳಿದೇಬಿಟ್ಟೆವು.

ಮೊದಲ ಎರಡು ಗಂಟೆ ಒಬ್ಬ ಕೆಳಗೆ, ಒಬ್ಬ ಮೇಲೆ ಅಂತ ನಿಯಮ ಇಟ್ಟುಕೊಂಡೆವು. ಅವನು ಒಂದು ಕೆಂಬೇರಿ ಹೊಡೆದ. ನನಗೆ ಒಂದು ಕೊಕ್ಕರ್ ತಪ್ಪಿತು. ನೀರಿನಲ್ಲಿ ಎಲ್ಲವೂ ಹತ್ತಿರ ಕಾಣುತ್ತದೆ, ನಾಲ್ಕು ಮೀಟರ್ ದೂರದ ಮೀನು ಮೂರು ಮೀಟರ್‌ನಲ್ಲೇ ಇದ್ದಂತೆ. ಹೊಸಬರೆಲ್ಲ ದೂರದಿಂದ ಹೊಡೆದು ತಪ್ಪುವುದು ಇದಕ್ಕೇ.

ಹತ್ತು ಗಂಟೆ ಹೊತ್ತಿಗೆ ಪಾದೆಯ ಬಿರುಕಿನಲ್ಲಿ ಅವನಿಗೊಂದು ಮುರು ಮೀನು ಕಂಡಿತು. ಮೂರು ಸಲ ಇಳಿದ. ಮೂರು ಸಲವೂ ಅದು ಒಳಗೆ ಸರಿಯಿತು. ನಾಲ್ಕನೇ ಸಲ ಇಳಿಯುವ ಮುಂಚೆ ಹತ್ತು ಹದಿನೈದು ಬಾರಿ ಜೋರಾಗಿ ಉಸಿರೆಳೆದು ಬಿಟ್ಟ. ನಾನು ನೋಡುತ್ತಿದ್ದೆ, ಬೇಡ ಅನ್ನಲಿಲ್ಲ. ಆ ತಪ್ಪು ನನ್ನದು. ಫಿನ್ ಎರಡು ಸಲ ಬಡಿದ, ಹಸಿರಿನಲ್ಲಿ ಮರೆಯಾದ. ಮೇಲಿನಿಂದ ನನಗೆ ಬರೀ ತೇಲಿಗೆ ಕಟ್ಟಿದ ಹಗ್ಗ ಕಾಣುತ್ತಿತ್ತು.

ಮೇಲೆ ಬಂದ. ಒಂದು ಉಸಿರು ಎಳೆದ. ಓಕೆ ಅಂತ ತೋರಿಸಲು ಎತ್ತಿದ ಕೈ ಅರ್ಧದಲ್ಲೇ ನಿಂತಿತು. ತಲೆ ಸಣ್ಣಗೆ ನಡುಗತೊಡಗಿತು. ತುಟಿ ನೇರಳೆ ಹಣ್ಣು ತಿಂದವರ ಬಣ್ಣ. ಕಣ್ಣು ತೆರೆದೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಆಮೇಲೆ ಮುಖ ಮೆಲ್ಲಗೆ ನೀರಿಗೆ ಬಾಗಿತು. ಸದ್ದಿಲ್ಲ, ಒದ್ದಾಟವಿಲ್ಲ. ಹತ್ತಿರ ಇಲ್ಲದವರಿಗೆ ಅವನು ಕೆಳಗೆ ಮೀನು ನೋಡುತ್ತಿದ್ದಾನೆ ಅಂತಲೇ ಅನ್ನಿಸುತ್ತಿತ್ತು.

ನಾನು ಒಂದು ಕೈಯಳತೆ ದೂರದಲ್ಲಿದ್ದೆ. ಗದ್ದ ಹಿಡಿದು ಮುಖ ಮೇಲೆತ್ತಿದೆ. ಮಾಸ್ಕ್ ಕಿತ್ತೆ. ಕೆನ್ನೆ ತಟ್ಟಿ, ಕಣ್ಣಿನ ಕೆಳಗೆ ಊದಿ, "ಉಸಿರು ತೆಗೊ, ಉಸಿರು ತೆಗೊ" ಅಂತ ಕೂಗಿದೆ. ಹತ್ತು ಸೆಕೆಂಡ್ ಇರಬಹುದು. ಒಂದು ದೊಡ್ಡ ಉಸಿರು ಎಳೆದು ಕೆಮ್ಮಿದ. "ಏನಾಯ್ತು? ಓಕೆ ತೋರಿಸಿದೆನಲ್ಲ" ಅಂದ. ಅವನಿಗೆ ಏನೂ ನೆನಪಿಲ್ಲ.

ಇದು ಹೀಗಾಗುತ್ತದೆ: ಉಸಿರಾಡಬೇಕು ಅನ್ನಿಸುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಆದಾಗ. ಜೋರಾಗಿ ಉಸಿರಾಡಿದರೆ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ, ಡೈಆಕ್ಸೈಡ್ ಮಾತ್ರ ಹೊರಗೆ ಹೋಗುತ್ತದೆ. ಅಂದರೆ ದೇಹದ ಎಚ್ಚರಿಕೆ ಗಂಟೆಯನ್ನೇ ನಾವು ಬಂದ್ ಮಾಡಿದ ಹಾಗೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಆ ಒತ್ತಡದಲ್ಲಿ ಉಳಿದ ಸ್ವಲ್ಪ ಆಮ್ಲಜನಕವೂ ಸಾಕು ಅನ್ನಿಸುತ್ತದೆ. ಮೇಲೆ ಬರುತ್ತಾ ಒತ್ತಡ ಇಳಿದಾಗ ಅದು ಸಾಲುವುದಿಲ್ಲ. ಹಾಗಾಗಿ ಪ್ರಜ್ಞೆ ತಪ್ಪುವುದು ಹೆಚ್ಚಾಗಿ ಕೊನೆಯ ಕೆಲವು ಮೀಟರ್‌ನಲ್ಲಿ, ಅಥವಾ ಮೇಲೆ ಬಂದು ಒಂದೆರಡು ಉಸಿರು ಎಳೆದ ಮೇಲೆ. ಗೆಳೆಯ ಮೇಲೆ ಬಂದ ನಂತರವೂ ಮೂವತ್ತು ಸೆಕೆಂಡ್ ಅವನ ಮುಖವನ್ನೇ ನೋಡುತ್ತಿರಬೇಕು ಅನ್ನುವುದು ಇದಕ್ಕೆ. ಆ ದಿನ ನನ್ನ ಕೈಯಲ್ಲೂ ಒಂದು ಗನ್ ಇದ್ದಿದ್ದರೆ ನಾನು ಇನ್ಯಾವುದೋ ಮೀನಿನ ಹಿಂದೆ ಇರುತ್ತಿದ್ದೆ, ಅಲ್ವಾ?

ಆಮೇಲೆ ಇಳಿಯಲಿಲ್ಲ. ದಡಕ್ಕೆ ಬಂದು ಸೀದಾ ಡಾಕ್ಟರ್ ಹತ್ತಿರ ಹೋದೆವು. ಈಗ ನಮ್ಮ ನಿಯಮ ಎರಡೇ. ಮೇಲಿನಿಂದ ಗೆಳೆಯ ಕಾಣುವಷ್ಟೇ ಆಳಕ್ಕೆ ಇಳಿಯುವುದು. ಕೆಳಗೆ ಎಷ್ಟು ಹೊತ್ತು ಇದ್ದೆವೋ ಅದರ ಎರಡರಷ್ಟಾದರೂ ಹೊತ್ತು ಮೇಲೆ ಸುಮ್ನೆ ತೇಲುತ್ತಾ ಉಸಿರಾಡುವುದು.

ಇನ್ನೊಬ್ಬರು: ನಮ್ಮದು ಮಲ್ಪೆಯ ಮೊಗವೀರ ಮನೆ. ಮೇಲಿನವರು ಹೇಳಿದ್ದು ಸರಿ. ಅದಕ್ಕೆ ಕಡಲಿನ ವಿಷಯ ಸ್ವಲ್ಪ ಸೇರಿಸುತ್ತೇನೆ. ಡಿಸೆಂಬರ್‌ನಿಂದ ಫೆಬ್ರವರಿ ನೀರು ತಿಳಿ ಇರುವ ಕಾಲ. ಆದರೂ ಕೋಡಿಬೆಂಗ್ರೆ ಬೇಡ. ಸ್ವರ್ಣಾ, ಸೀತಾ ಎರಡೂ ನದಿ ಅಲ್ಲೇ ಕಡಲು ಸೇರುವುದು. ಇಳಿತದ ಹೊತ್ತಿಗೆ ಕೆಂಪು ನೀರು, ಎಳೆತವೂ ಜೋರು. ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಗಾಳಿ ಎದ್ದು ತೆರೆ ಏಳುತ್ತದೆ. ಹನ್ನೊಂದಕ್ಕೆಲ್ಲ ದಡ ಸೇರುವ ಲೆಕ್ಕದಲ್ಲಿ ಹೊರಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆ ಕಾಲದಲ್ಲಿ ನಾವೇ ಇಳಿಯುವುದಿಲ್ಲ, ನೀವು ಯೋಚಿಸುವುದೂ ಬೇಡ. ಹೊರಡುವ ಮುಂಚೆ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ, ಕರಾವಳಿ ಪೊಲೀಸರಿಗೂ ತಿಳಿಸಿ.

ಪಾದೆಗಳಲ್ಲಿ ಹರಿದ ಬಲೆ ಸಿಕ್ಕಿಕೊಂಡಿರುತ್ತದೆ. ನೀರಿನಲ್ಲಿ ನೈಲಾನ್ ಕಾಣುವುದೇ ಇಲ್ಲ. ಕೈಗೆ ಸಿಗುವ ಹಾಗೆ ಚಾಕು ಕಟ್ಟಿಕೊಳ್ಳಿ. ಯಾರದ್ದಾದರೂ ಬಲೆ ಬಿಟ್ಟಿದ್ದರೆ ಆ ಕಡೆ ಹೋಗಲೇಬೇಡಿ. ಅದು ಒಂದು ಮನೆಯ ಊಟ ಮಾರಾಯ್ರೆ.

ಮುರು ಹೊಡೆಯುವಾಗ ನೋಡಿ ಹೊಡೆಯಿರಿ. ಮುರು ಜಾತಿಯ ಹೆಚ್ಚಿನ ಮೀನುಗಳು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಗಂಡಾಗುತ್ತವೆ. ದೊಡ್ಡದನ್ನೇ ಆರಿಸಿ ಹೊಡೆದರೆ ಆ ಪಾದೆಯಲ್ಲಿ ಗಂಡು ಮೀನೇ ಉಳಿಯುವುದಿಲ್ಲ. ತೀರಾ ಮರಿಯೂ ಬೇಡ. ಜೈಂಟ್ ಗ್ರೂಪರ್ ಅನ್ನುವ ದೈತ್ಯ ಮುರು, ಕಡಲಾಮೆ, ಕಡಲಕುದುರೆ, ಕಡಲ ಸೌತೆ ಇವಕ್ಕೆಲ್ಲ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಉಂಟು. ಮುಟ್ಟುವ ಹಾಗಿಲ್ಲ. ಮರಳಿನಲ್ಲಿ ತೊರಕೆ (ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು) ಮಲಗಿರುತ್ತದೆ, ಕಾಲೂರುವಾಗ ಪಾದ ಜಾರಿಸುತ್ತಾ ನಡೆಯಿರಿ. ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ ಅದ್ದಿ ಇಟ್ಟುಕೊಂಡು ಆಸ್ಪತ್ರೆಗೆ ಹೋಗಿ.

ಸುರತ್ಕಲ್‌ನಿಂದ ಒಬ್ಬರು: ಸಾಮಾನಿನ ಬಗ್ಗೆ ಎರಡು ಮಾತು. ನಮ್ಮ ಮಸುಕು ನೀರಿಗೆ 75 ಸೆಂಟಿಮೀಟರ್ ಗನ್ ಧಾರಾಳ. ಉದ್ದದ್ದು ತಂದರೆ ಪಾದೆಯ ಸಂದಿಯಲ್ಲಿ ತಿರುಗಿಸಲು ಆಗುವುದಿಲ್ಲ. ರಬ್ಬರ್ ಎಳೆದು ಸಜ್ಜು ಮಾಡುವುದು ನೀರಿನೊಳಗೆ ಮಾತ್ರ, ದೋಣಿ ಹತ್ತುವ ಮುಂಚೆ ಬಿಚ್ಚಲೇಬೇಕು. ಸೊಂಟದ ತೂಕ ಕಮ್ಮಿ ಇರಲಿ. ಉಸಿರು ಪೂರ್ತಿ ಬಿಟ್ಟ ಮೇಲೂ ನೀವು ತೇಲಬೇಕು. ಬಕಲ್ ಒಂದೇ ಎಳೆತಕ್ಕೆ ಬಿಚ್ಚಬೇಕು. ಮೂಗು ಕಟ್ಟಿದ ದಿನ ಕಿವಿಯ ಒತ್ತಡ ಸರಿ ಮಾಡಿಕೊಳ್ಳಲು ಆಗುವುದಿಲ್ಲ, ಆವತ್ತು ಇಳಿಯಬೇಡಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಎರಡನೇ ಗನ್ ಬೇಡ ಅಂತ ಗೆಳೆಯನಿಗೆ ಹೇಳಿದೆ. ಮೊದಲು ಈಜುಕೊಳದಲ್ಲಿ ಗದ್ದ ಹಿಡಿದು ಎತ್ತುವುದನ್ನು ಇಬ್ಬರೂ ಅಭ್ಯಾಸ ಮಾಡುತ್ತೇವೆ. ದೋಣಿಯವರಿಗೆ ಏನು ಹೇಳಿಡಬೇಕು?

ಮೊದಲು ಉತ್ತರಿಸಿದವರು: ಇದು ಮುಖ್ಯ ಪ್ರಶ್ನೆ. ನಿಮ್ಮ ಹಿಂದೆ ಹಗ್ಗಕ್ಕೆ ಕಟ್ಟಿದ ಕೆಂಪು ಬಾವುಟದ ತೇಲು ಇರುತ್ತದೆ, ಅದರಿಂದ ಸಾಕಷ್ಟು ದೂರ ಇರಲು ಹೇಳಿ. ಬೇರೆ ದೋಣಿ ಬಂದರೆ ಕೈ ಬೀಸಿ ತಡೆಯಲಿ. ನಮ್ಮ ಯಜಮಾನರು ಆ ದಿನದ ನಂತರ ಇನ್ನೊಂದು ರೂಢಿ ಮಾಡಿಕೊಂಡಿದ್ದಾರೆ. ನೀರಿನ ಮೇಲೆ ಎರಡು ತಲೆ ಕಂಡು, ಎರಡು ಕೈ ಓಕೆ ಅಂತ ಎದ್ದ ಮೇಲೆಯೇ ಇಂಜಿನ್ ಹಗ್ಗ ಎಳೆಯುತ್ತಾರೆ. ನಿಮ್ಮವರಿಗೂ ಅಷ್ಟು ಹೇಳಿ.