ಪ್ರೀತಿ ಒಂದೇ ಅಳತೆಗೋಲಾದರೆ ಸಾಕೇ? ಬದುಕಿ ನೋಡಿದವರು ದಯವಿಟ್ಟು ತಿಳಿಸಿ

ಹೊನ್ನಾವರದಿಂದ ಕೋರಿಕೆ

ಮಾನ್ಯರೇ, ನಮ್ಮ ತಂದೆಯವರು ತೀರಿಕೊಂಡ ವರ್ಷವೇ ಅಣ್ಣ ಯಾರನ್ನೂ ಕೇಳದೆ ಮನೆಯ ದೋಣಿಯನ್ನು ಮಾರಿದರು. ಆ ಹಣದಲ್ಲಿ ತಾಯಿಗಾಗಲಿ ನನಗಾಗಲಿ ಏನೂ ಬರಲಿಲ್ಲ. ಎರಡು ವರ್ಷಗಳಿಂದ ನಮ್ಮಿಬ್ಬರಲ್ಲಿ ಮಾತಿಲ್ಲ. ಕಳೆದ ಭಾನುವಾರ ಇಗರ್ಜಿಯಲ್ಲಿ ಫಾದರ್ ಪ್ರಸಂಗ ಮಾಡುತ್ತ, ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸುವುದು, ನೆರೆಯವನನ್ನು ತನ್ನಂತೆಯೇ ಪ್ರೀತಿಸುವುದು, ಈ ಎರಡು ಆಜ್ಞೆಗಳಲ್ಲೇ ಧರ್ಮಶಾಸ್ತ್ರವೆಲ್ಲ ಅಡಗಿದೆ ಎಂದರು. ಕೇಳಲು ಸರಳವಾಗಿದೆ. ಆದರೆ ಪ್ರೀತಿ ಎಂದರೆ ನಾನು ಬಾಯಿ ಮುಚ್ಚಿಕೊಂಡು ಇರಬೇಕೆಂದೇ? ಮನಸ್ಸಿನಲ್ಲಿ ಇಲ್ಲದ ಪ್ರೀತಿಯನ್ನು ಎಲ್ಲಿಂದ ತರಬೇಕು? ಅನುಭವವಿದ್ದವರು ಹೇಳಬೇಕೆಂದು ಕೋರುತ್ತೇನೆ.

ಕಾರವಾರದಿಂದ, ನಿವೃತ್ತ ಗುಮಾಸ್ತರೊಬ್ಬರು

ತಮ್ಮಾ, ನಿನ್ನ ಮಾತು ಓದಿದಾಗ ನನ್ನ ಹಳೆಯ ದಿನಗಳೇ ಕಣ್ಣ ಮುಂದೆ ಬಂದವು. ನಾನು ಬೈತಖೋಲ ಬಂದರಿನಲ್ಲಿ ಬಹಳ ವರ್ಷ ಮೀನಿನ ಹಿಂಡನ್ನು ಸುತ್ತುಬಲೆಯಿಂದ ಹಿಡಿಯುವ ಒಂದು ಪರ್ಸೀನ್ ಬೋಟಿನ ಲೆಕ್ಕ ಬರೆದವನು. ಬೋಟಿನಲ್ಲಿ ನನಗೂ ನನ್ನ ಚಿಕ್ಕಪ್ಪನ ಮಗನಿಗೂ ಪಾಲಿತ್ತು. ಮೀನು ಮಾರುವ ಕೆಲಸ ಅವನದು, ಪಾಲು ಹಂಚುವ ಲೆಕ್ಕ ನನ್ನದು. ಮಾರಿದ ದರಕ್ಕಿಂತ ಕಡಿಮೆ ದರವನ್ನು ಅವನು ನನಗೆ ಬರೆಸುತ್ತಿದ್ದಾನೆಂದು ಒಮ್ಮೆ ವ್ಯಾಪಾರಿಯೊಬ್ಬರ ಚೀಟಿಯಿಂದ ಗೊತ್ತಾಯಿತು. ನಾನು ಕ್ರೈಸ್ತನೆಂದೂ ಅವನು ನನ್ನ ರಕ್ತಸಂಬಂಧಿಯೆಂದೂ ನೆನೆದು ಮೂರು ಹಂಗಾಮು ಸುಮ್ಮನಿದ್ದೆ. ಅದನ್ನೇ ಪ್ರೀತಿಯೆಂದು ನಂಬಿದ್ದೆ. ಆದರೆ ಯಾವ ದಿನ, ಎಷ್ಟು ಬುಟ್ಟಿ ಬಂಗುಡೆ, ಎಷ್ಟು ರೂಪಾಯಿ ವ್ಯತ್ಯಾಸ ಎಂಬುದೆಲ್ಲ ರಾತ್ರಿ ಮಲಗಿದಾಗ ಒಂದೂ ತಪ್ಪದೆ ನೆನಪಿಗೆ ಬರುತ್ತಿತ್ತು.

ಬೈಬಲಿನಲ್ಲಿ ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 13ನೇ ಅಧ್ಯಾಯದಲ್ಲಿ, ಪ್ರೀತಿಯು ಅಪಕಾರವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದಿಲ್ಲ ಎಂಬ ಮಾತಿದೆ. ಮದುವೆಗಳಲ್ಲಿ ಎಷ್ಟೋ ಸಲ ಕೇಳಿದ್ದೆ. ಮೂಲ ಗ್ರೀಕಿನಲ್ಲಿ ಅಲ್ಲಿರುವುದು ವ್ಯಾಪಾರಿಗಳು ಲೆಕ್ಕ ಬರೆಯುವುದಕ್ಕೆ ಬಳಸುತ್ತಿದ್ದ ಪದವೆಂದು ಗುರುಗಳೊಬ್ಬರು ವಿವರಿಸಿದಾಗ ನನಗೆ ಮೈ ಜುಮ್ಮೆಂದಿತು. ಜೀವನವಿಡೀ ಲೆಕ್ಕ ಬರೆದವನಿಗೆ ಅದಕ್ಕಿಂತ ನೇರವಾಗಿ ಯಾರು ಹೇಳಬಲ್ಲರು? ಬೋಟಿನ ಪುಸ್ತಕದ ಜೊತೆಗೆ ನಾನು ಒಳಗೊಳಗೇ ಇನ್ನೊಂದು ಪುಸ್ತಕವನ್ನು ಬರೆಯುತ್ತ ಬಂದಿದ್ದೆ, ಮತ್ತು ಅದರ ಮೇಲೆ ಮೌನವೆಂಬ ಹೊದಿಕೆ ಹಾಕಿ ಅದಕ್ಕೆ ಪ್ರೀತಿಯೆಂದು ಹೆಸರಿಟ್ಟಿದ್ದೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು. ಮುಚ್ಚಿಟ್ಟ ದರದಲ್ಲಿ ನನ್ನ ಪಾಲಷ್ಟೇ ಹೋಗಿರಲಿಲ್ಲ, ಬೋಟು ನಡೆಸುವ ತಾಂಡೇಲನದೂ ಬಲೆ ಎಳೆಯುವ ಇಪ್ಪತ್ತಕ್ಕೂ ಹೆಚ್ಚು ಖಲಾಸಿಗಳದೂ ಹೋಗಿತ್ತು. ನನ್ನದನ್ನು ನಾನು ಬಿಟ್ಟುಕೊಡಬಹುದು, ಅವರದನ್ನು ಬಿಟ್ಟುಕೊಡಲು ನಾನು ಯಾರು? ನೆರೆಯವನನ್ನು ಪ್ರೀತಿಸು ಎಂಬ ಆಜ್ಞೆಯನ್ನು ಯೇಸುಸ್ವಾಮಿ ಎತ್ತಿಕೊಂಡದ್ದು ಹಳೆಯ ಒಡಂಬಡಿಕೆಯ ಯಾಜಕಕಾಂಡದ 19ನೇ ಅಧ್ಯಾಯದಿಂದ. ಆ ಅಧ್ಯಾಯವನ್ನು ಪೂರ್ತಿ ಓದು. 18ನೇ ವಚನದಲ್ಲಿ ಪ್ರೀತಿಯ ಆಜ್ಞೆಯಿದೆ. ಅದರ ಹಿಂದಿನ ವಚನದಲ್ಲೇ, ಸಹೋದರನನ್ನು ಮನಸ್ಸಿನೊಳಗೆ ದ್ವೇಷಿಸಬೇಡ, ತಪ್ಪಿದ್ದರೆ ಅವನಿಗೆ ಹೇಳು ಎಂದಿದೆ. 13ನೇ ವಚನದಲ್ಲಿ, ಕೂಲಿಯವನ ಕೂಲಿಯನ್ನು ಬೆಳಗಿನ ತನಕ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ ಎಂದಿದೆ. ಈ ಮೂರೂ ಒಂದೇ ಕಡೆ ಇವೆ ಎಂಬುದು ಅಷ್ಟು ವರ್ಷ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಜೂನ್ 1ರಿಂದ ಮೀನುಗಾರಿಕೆಗೆ ನಿಷೇಧವಿರುತ್ತದಷ್ಟೆ. ಆ ಬಿಡುವಿನಲ್ಲಿ ಒಂದು ಸಂಜೆ ಅವನ ಮನೆಗೆ ಒಬ್ಬನೇ ಹೋದೆ. ಸಹೋದರನು ತಪ್ಪು ಮಾಡಿದರೆ ಇಬ್ಬರೇ ಇರುವಾಗ ಹೇಳು ಎಂದು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ಬಂದರಿನಲ್ಲಿ ನಾಲ್ಕು ಜನರ ಎದುರಿಗೆ ಹೇಳಿದ್ದರೆ ಅವನಿಗೆ ತಿದ್ದಿಕೊಳ್ಳಲು ದಾರಿಯೇ ಉಳಿಯುತ್ತಿರಲಿಲ್ಲ. ಖಲಾಸಿಗಳ ಬಾಕಿಯನ್ನು ಕೊಡಲೇಬೇಕು, ನನ್ನದು ನಿನ್ನ ಇಷ್ಟ ಎಂದೆ. ಅವನು ಕೂಗಾಡಿ ನನ್ನನ್ನು ಕಳುಹಿಸಿದ. ಹಂಗಾಮು ಶುರುವಾದ ಮೇಲೆ ಮೂರು ಕಂತುಗಳಲ್ಲಿ ಅವರ ಬಾಕಿಯನ್ನು ತೀರಿಸಿದ. ನನ್ನೆದುರು ತಪ್ಪನ್ನು ಒಪ್ಪಿಕೊಳ್ಳಲಿಲ್ಲ, ನನ್ನ ಪಾಲನ್ನೂ ಕೊಡಲಿಲ್ಲ. ಅಲ್ಲಿಂದ ಮುಂದೆ ಮೀನು ಮಾರುವಾಗ ತಾಂಡೇಲನೂ ಜೊತೆಗಿರಬೇಕೆಂದು ಹಟ ಹಿಡಿದು ಗೊತ್ತುಮಾಡಿಸಿದೆ, ಏಕೆಂದರೆ ಕ್ಷಮಿಸಿದೆನೆಂದು ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನೂ ಒಪ್ಪಿಸಬೇಕಾಗಿಲ್ಲ. ಈಗಲೂ ಅವನನ್ನು ಕಂಡಾಗ ಕೆಲವು ದಿನ ಹಳೆಯ ಅಂಕಿಗಳು ತಲೆ ಎತ್ತುತ್ತವೆ. ಅವನಿಗಾಗಿ ಒಂದು ಪ್ರಾರ್ಥನೆ ಹೇಳಿ ಮುಂದೆ ನಡೆಯುತ್ತೇನೆ.

ಶಿರಸಿಯಿಂದ, ಗೃಹಿಣಿಯೊಬ್ಬರು

ಮನಸ್ಸಿನಲ್ಲಿ ಇಲ್ಲದ ಪ್ರೀತಿಯ ಬಗ್ಗೆ ಕೇಳಿದ್ದೀರಿ, ಅದಕ್ಕಷ್ಟೇ ಉತ್ತರಿಸುತ್ತೇನೆ. ನಮ್ಮ ಅತ್ತೆಯವರು ನನ್ನನ್ನು ಎಂದೂ ಒಪ್ಪಿದವರಲ್ಲ. ಅವರು ಹಾಸಿಗೆ ಹಿಡಿದು, ನೆನಪು ಕಳೆದುಕೊಂಡ ನಾಲ್ಕು ವರ್ಷಗಳಲ್ಲಿ ಅವರನ್ನು ನೋಡಿಕೊಂಡದ್ದು ನಾನೇ. ಮೊದಲ ವರ್ಷ, ಪ್ರೀತಿ ಉಕ್ಕುತ್ತಿಲ್ಲ, ಆದ್ದರಿಂದ ನಾನು ಮಾಡುವುದೆಲ್ಲ ಬೂಟಾಟಿಕೆ ಎಂದು ಅಳುತ್ತಿದ್ದೆ. ಯೇಸು ಹೇಳಿದ, ದಾರಿಯಲ್ಲಿ ಬಿದ್ದಿದ್ದ ಅಪರಿಚಿತನಿಗೆ ನೆರವಾದ ಸಮಾರ್ಯದವನ ಕಥೆಯನ್ನು ಆ ದಿನಗಳಲ್ಲಿ ಮತ್ತೆ ಮತ್ತೆ ಓದಿದೆ. ಗಾಯಗೊಂಡವನನ್ನು ಕಂಡು ಅವನು ಕನಿಕರಪಟ್ಟನೆಂದು ಒಂದೇ ಮಾತು ಇದೆ. ಉಳಿದದ್ದೆಲ್ಲ ಕೈಕೆಲಸ: ಎಣ್ಣೆ ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದ, ತನ್ನ ವಾಹನದ ಪ್ರಾಣಿಯ ಮೇಲೆ ಹತ್ತಿಸಿದ, ಛತ್ರಕ್ಕೆ ಒಯ್ದು ಉಪಚರಿಸಿದ. ಮರುದಿನ ಛತ್ರದವನಿಗೆ ಎರಡು ದಿನಾರಿ, ಎಂದರೆ ಸುಮಾರು ಎರಡು ದಿನದ ಕೂಲಿ ಕೊಟ್ಟು, ಹೆಚ್ಚು ಖರ್ಚಾದರೆ ಹಿಂತಿರುಗುವಾಗ ಕೊಡುತ್ತೇನೆಂದು ಹೇಳಿ ತನ್ನ ದಾರಿ ಹಿಡಿದ. ಅವನೂ ಎಲ್ಲವನ್ನೂ ಒಬ್ಬನೇ ಹೊರಲಿಲ್ಲವಲ್ಲ ಎಂದು ಹೊಳೆದ ದಿನ, ವಾರಕ್ಕೆ ಮೂರು ದಿನ ಸಹಾಯಕ್ಕೆ ಒಬ್ಬ ಹೆಂಗಸನ್ನು ಗೊತ್ತುಮಾಡಿದೆ. ಪಕ್ಕದ ಮನೆಯ ಹವ್ಯಕ ಬ್ರಾಹ್ಮಣರ ಅಕ್ಕ, ಕೇಳದೆಯೇ, ಅತ್ತೆಗೆ ಸೇರುತ್ತದೆಂದು ತಂಬುಳಿ ಕಳುಹಿಸುತ್ತಿದ್ದರು. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯಿರಲಿಲ್ಲ ಎಂದು ಓದುವಾಗಲೆಲ್ಲ ನನಗೆ ಆ ತಂಬುಳಿಯ ಪಾತ್ರೆ ನೆನಪಾಗುತ್ತದೆ.

ಕೊನೆಯ ತಿಂಗಳುಗಳಲ್ಲಿ ಅತ್ತೆ ನನ್ನನ್ನು ಅವರ ಸತ್ತುಹೋದ ತಂಗಿಯೆಂದು ತಿಳಿದು ಕೈ ಹಿಡಿದುಕೊಳ್ಳುತ್ತಿದ್ದರು. ಆಗ ನನ್ನ ಮನಸ್ಸಿನಲ್ಲಿ ಇದ್ದದ್ದು ಪ್ರೀತಿಯೇ. ಅದು ಎಂದು ಬಂತೋ ನನಗೆ ತಿಳಿಯದು.

ಕುಮಟಾದಿಂದ, ಅಧ್ಯಾಪಕರೊಬ್ಬರು

ಬಾಯಿ ಮುಚ್ಚಿಕೊಂಡಿರಬೇಕೇ ಎಂಬ ಪ್ರಶ್ನೆಗೆ ಒಂದು ಮಾತು ಸೇರಿಸುತ್ತೇನೆ. ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪರಾಗಿದ್ದ ಸಂತ ಅಗಸ್ಟೀನರು 5ನೇ ಶತಮಾನದ ಆರಂಭದಲ್ಲಿ, ಯೊಹಾನನ ಮೊದಲನೆಯ ಪತ್ರವನ್ನು ವಿವರಿಸುತ್ತ, ಪ್ರೀತಿಸು, ಅನಂತರ ನಿನ್ನ ಮನಸ್ಸಿಗೆ ಬಂದದ್ದನ್ನು ಮಾಡು ಎಂದರು. ಜನ ಇಷ್ಟನ್ನೇ ನೆನಪಿಟ್ಟುಕೊಂಡಿದ್ದಾರೆ. ಸುಮ್ಮನಿದ್ದರೆ ಪ್ರೀತಿಯಿಂದ ಸುಮ್ಮನಿರು, ತಿದ್ದಿದರೆ ಪ್ರೀತಿಯಿಂದ ತಿದ್ದು ಎಂದು ಅವರು ಅಲ್ಲೇ ಮುಂದುವರಿಸಿದ್ದಾರೆ. ತಂದೆ ಪ್ರೀತಿಯಿಂದಲೇ ಮಗನನ್ನು ಹೊಡೆದಿರಬಹುದು, ಮಕ್ಕಳ ಕಳ್ಳ ಕೇಡಿನಿಂದಲೇ ಮುದ್ದಿಸಿರಬಹುದು ಎಂಬ ಉದಾಹರಣೆಯೂ ಅಲ್ಲೇ ಇದೆ. ನಿಮ್ಮ ಎರಡು ವರ್ಷಗಳ ಮೌನ ಯಾವ ಬೇರಿನಿಂದ ಬಂದಿದೆ ಎಂಬುದನ್ನು ನೀವೇ ನೋಡಿಕೊಳ್ಳಬೇಕು.

ಹೊನ್ನಾವರದಿಂದ ಮತ್ತೆ

ಎಲ್ಲರಿಗೂ ಕೃತಜ್ಞನಾಗಿದ್ದೇನೆ. ಕಾರವಾರದ ಅಣ್ಣನವರು ಬರೆದದ್ದನ್ನು ಓದಿದ ಮೇಲೆ, ನನ್ನ ಪಾಲನ್ನೂ ತಾಯಿಯ ಪಾಲನ್ನೂ ನಾನು ಒಂದೇ ಸಿಟ್ಟಿನಲ್ಲಿ ಗಂಟು ಕಟ್ಟಿದ್ದೆನೆಂದು ತಿಳಿಯಿತು. ತಾಯಿಗೆ ಪ್ರತಿ ತಿಂಗಳೂ ಔಷಧಿಯ ಖರ್ಚಿದೆ. ಶನಿವಾರ ಸಂಜೆ ಅಣ್ಣನ ಮನೆಗೆ ಒಬ್ಬನೇ ಹೋಗಿ, ಅದೊಂದನ್ನೇ ಕೇಳುತ್ತೇನೆ.